ಅರ್ಧ ಮಿಲಿಮೀಟರಿನ ಅಂತರ

ಹಳೆಯ ಕಾರೊಂದರ ಬ್ರೇಕಿನ ಅಂಗವನ್ನು ಬಿಚ್ಚಿ ಇನ್ನೊಂದು ಹಳೆಯ ಕಾರಿಗೆ ಕೂಡಿಸಹೊರಟವನಿಗೆ ಮೊದಲು ಎದುರಾಗುವ ತೊಡಕು ಚಕ್ರದ ಗಾತ್ರದ್ದಲ್ಲ, ಡ್ರಮ್ಮಿನ ಅಗಲದ್ದೂ ಅಲ್ಲ. ಕಿರುಬೆರಳಿನ ತುದಿಯಷ್ಟು ದಪ್ಪವಿರುವ ಒಂದು ನಟ್ಟಿನದು. ಬ್ರೇಕಿನ ದ್ರವವನ್ನು ಒಯ್ಯುವ ಉಕ್ಕಿನ ಸಣ್ಣ ಕೊಳವೆಯ ತುದಿಯಲ್ಲಿ ಕುಳಿತು, ಆ ಕೊಳವೆಯನ್ನು ಸಿಲಿಂಡರಿನ ರಂಧ್ರದೊಳಕ್ಕೆ ಬಿಗಿಹಿಡಿಯುವ ಈ ನಟ್ಟು ಇಂಗ್ಲೆಂಡು ಅಮೆರಿಕಗಳ ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ 3/8 ಅಂಗುಲ ವ್ಯಾಸವುಳ್ಳದ್ದು, ಅಂಗುಲಕ್ಕೆ 24 ಸುತ್ತುಗಳನ್ನು ಕೊರೆದದ್ದು. ಜರ್ಮನಿ ಜಪಾನುಗಳ ಕಾರುಗಳಲ್ಲಾದರೆ ಹೆಚ್ಚಾಗಿ 10 ಮಿಲಿಮೀಟರು ವ್ಯಾಸದ್ದು, ಸುತ್ತಿಗೂ ಸುತ್ತಿಗೂ ನಡುವೆ 1 ಮಿಲಿಮೀಟರು ಅಂತರವುಳ್ಳದ್ದು. ಮೊದಲನೆಯದನ್ನು ಮಿಲಿಮೀಟರಿನ ಲೆಕ್ಕಕ್ಕೆ ತಂದರೆ ಅದರ ವ್ಯಾಸ 9.525, ಸುತ್ತಿನ ಅಂತರ 1.058. ಎರಡು ನಟ್ಟುಗಳ ನಡುವಣ ವ್ಯತ್ಯಾಸ ಅರ್ಧ ಮಿಲಿಮೀಟರಿಗೂ ತುಸು ಕಡಿಮೆ. ಗ್ರೀಸು ಮೆತ್ತಿದ ಕೈಯಲ್ಲಿ, ಕಾರಿನ ಅಡಿಯ ಅರೆಬೆಳಕಿನಲ್ಲಿ, ಅನುಭವಸ್ಥನ ಕಣ್ಣಿಗೂ ಅವುಗಳ ಭೇದ ತಿಳಿಯುವುದಿಲ್ಲ. ಅಂಗುಲದ ನಟ್ಟು ಮಿಲಿಮೀಟರಿನ ರಂಧ್ರವನ್ನು ಸಲೀಸಾಗಿ ಪ್ರವೇಶಿಸುತ್ತದೆ, ಕೆಲವು ಸುತ್ತು ತಿರುಗುತ್ತದೆ, ಬಿಗಿಯಾಯಿತೆಂಬ ಭಾವನೆಯನ್ನೂ ಹುಟ್ಟಿಸುತ್ತದೆ. ಆದರೆ ಒಳಗೆ ಸುತ್ತುಗಳು ತಮ್ಮ ತುದಿಗಳಿಂದ ಮಾತ್ರ ಒಂದನ್ನೊಂದು ತಾಗಿಕೊಂಡಿರುತ್ತವೆ. ಅಡ್ಡ ಬಂದ ಮಗುವನ್ನು ಉಳಿಸಲು ಚಾಲಕನು ಪೆಡಲನ್ನು ಬಲವಾಗಿ ಮೆಟ್ಟಿದಾಗ ಕೊಳವೆಯೊಳಗೆ ಚದರಂಗುಲಕ್ಕೆ ಸುಮಾರು 1000 ಪೌಂಡಿನ ಒತ್ತಡ ಏಳುತ್ತದೆ; ಅಂಥ ಹಿಡಿತ ಕೈಬಿಡುವುದು ಆ ಗಳಿಗೆಯಲ್ಲಿ. ಮಿಲಿಮೀಟರಿನ ನಟ್ಟನ್ನು ಅಂಗುಲದ ರಂಧ್ರಕ್ಕೆ ತುರುಕಹೋದರೆ ಅದು ಒಳಹೋಗಲು ಒಪ್ಪದು. ಸ್ಪ್ಯಾನರಿನ ಬಲದಿಂದ ಒಪ್ಪಿಸಿದರೆ ರಂಧ್ರದ ಥ್ರೆಡ್ಡೇ ಹಾಳಾಗಿ ಸಿಲಿಂಡರು ನಿರುಪಯುಕ್ತವಾಗುತ್ತದೆ.

ಈ ಅರ್ಧ ಮಿಲಿಮೀಟರು ಯಾರದೋ ಅಜಾಗರೂಕತೆಯಿಂದ ಹುಟ್ಟಿದ್ದಲ್ಲ. ಗೊಂದಲವನ್ನು ಕಳೆಯಬೇಕೆಂದು ಪಣತೊಟ್ಟ ಯಂತ್ರಶಿಲ್ಪಿಗಳು ಬೇರೆಬೇರೆ ನಾಡುಗಳಲ್ಲಿ, ಬೇರೆಬೇರೆ ಕಾಲಗಳಲ್ಲಿ ಮಾಡಿಕೊಂಡ ಒಪ್ಪಂದಗಳೇ ಇದಕ್ಕೆ ಕಾರಣ. ಪ್ರತಿಯೊಂದು ಒಪ್ಪಂದವೂ ತನ್ನ ಎಲ್ಲೆಯೊಳಗಿನ ಅವ್ಯವಸ್ಥೆಯನ್ನು ನಿವಾರಿಸಿತು, ಎಲ್ಲೆಯಾಚೆಗೆ ಹೊಸದೊಂದು ಅವ್ಯವಸ್ಥೆಗೆ ಎಡೆಮಾಡಿತು. ಹಳೆಯ ಕಾರಿನ ಭಾಗಗಳನ್ನು ಅದಲುಬದಲು ಮಾಡುವ ಮೆಕ್ಯಾನಿಕ್ಕನು ಆ ಒಪ್ಪಂದಗಳೆಲ್ಲಕ್ಕೂ ಏಕಕಾಲದಲ್ಲಿ ಬದ್ಧನಾಗಿರಬೇಕಾಗುತ್ತದೆ.

ಆಶ್ಚರ್ಯದ ಸಂಗತಿಯೆಂದರೆ, ಬ್ರೇಕಿನ ದ್ರವತತ್ತ್ವ ಹಾಗೂ ತಿರುಪಿನ ಕ್ರಮಬದ್ಧತೆ ಇವೆರಡರ ವಂಶವೃಕ್ಷವನ್ನೂ ಹಿಂದಕ್ಕೆ ಹಿಡಿದುಹೋದರೆ ಲಂಡನ್ನಿನಲ್ಲಿ ಒಬ್ಬನೇ ಕುಶಲಕರ್ಮಿಯ ಎದುರು ಹೋಗಿ ನಿಲ್ಲುತ್ತೇವೆ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದೆಡೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುವುದೆಂಬ ನಿಯಮವನ್ನು 17ನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲನು ನಿರೂಪಿಸಿದ್ದನು. ಆದರೆ ಅದನ್ನು ದುಡಿಮೆಗೆ ಹಚ್ಚಿದ ಕೀರ್ತಿ 1795ರಲ್ಲಿ ಜಲಒತ್ತು ಯಂತ್ರಕ್ಕೆ ಪೇಟೆಂಟು ಪಡೆದ ಜೋಸೆಫ್ ಬ್ರಾಮನದು. ಯಂತ್ರವೇನೋ ಸಿದ್ಧವಾಯಿತು; ಒತ್ತಡವೇರಿದಂತೆ ಪಿಸ್ಟನ್ನಿನ ಸುತ್ತ ನೀರು ಜಿನುಗತೊಡಗಿತು. ನೀರಿನ ಒತ್ತಡ ಹೆಚ್ಚಿದಷ್ಟೂ ತಾನೂ ಅಗಲಗೊಂಡು ಗೋಡೆಗೆ ಒತ್ತಿಕೊಳ್ಳುವ ಚರ್ಮದ ಬಟ್ಟಲೊಂದನ್ನು ಅಳವಡಿಸಿ ಆ ಸೋರಿಕೆಯನ್ನು ನಿಲ್ಲಿಸಿದವನು ಬ್ರಾಮನ ಕಾರ್ಯಾಗಾರದ ಹೆನ್ರಿ ಮಾಡ್ಸ್ಲೇ ಎಂದು ಪ್ರಸಿದ್ಧಿಯಿದೆ. ಇಂದಿಗೂ ಪ್ರತಿಯೊಂದು ವೀಲ್ ಸಿಲಿಂಡರಿನೊಳಗೆ ಕುಳಿತಿರುವ ರಬ್ಬರು ಬಟ್ಟಲು ಅದೇ ಉಪಾಯದ ಸಂತತಿ. ಇದೇ ಮಾಡ್ಸ್ಲೇ 1797ರಲ್ಲಿ ಬ್ರಾಮನನ್ನು ಬಿಟ್ಟು ಸ್ವಂತ ಕಾರ್ಯಾಗಾರ ತೆರೆದು, ತಿರುಪನ್ನು ಕೈಯಂದಾಜಿನಿಂದಲ್ಲದೆ ಯಂತ್ರದ ನಿಖರತೆಯಿಂದ ಕೊರೆಯುವ ಲೇತನ್ನು ಪರಿಪೂರ್ಣಗೊಳಿಸಿದನು. ಅದಕ್ಕೆ ಹಿಂದೆ ಪ್ರತಿಯೊಂದು ನಟ್ಟೂ ತನ್ನ ಬೋಲ್ಟಿಗೆ ಮಾತ್ರ ಹೊಂದುತ್ತಿದ್ದಿತು. ಬಿಚ್ಚಿಟ್ಟಾಗ ಬೆರೆತುಹೋದರೆ ಮತ್ತೆ ಜೋಡಿ ಕೂಡಿಸುವುದೇ ಒಂದು ದೊಡ್ಡ ಕೆಲಸವಾಗುತ್ತಿದ್ದಿತು. ಒಬ್ಬನೇ ಮನುಷ್ಯನ ಕೈಯಿಂದ ಬ್ರೇಕಿನ ಒಳಗುಟ್ಟೂ ಅದರ ನಟ್ಟಿನ ಶಿಸ್ತೂ ಹೊರಟವೆಂಬುದನ್ನು ನೆನೆದಾಗಲೆಲ್ಲ, ನಮ್ಮ ಪಠ್ಯಪುಸ್ತಕಗಳು ಇಂಥವನಿಗೆ ಒಂದು ಪುಟವನ್ನಾದರೂ ಮೀಸಲಿಡಬೇಕಾಗಿತ್ತೆಂದು ನನಗೆ ಅನ್ನಿಸದೆ ಇರದು.

ಮಾಡ್ಸ್ಲೇಯ ಕಾರ್ಯಾಗಾರದಲ್ಲಿ ಕೆಲಸ ಕಲಿತು ಮುಂದೆ ಮ್ಯಾಂಚೆಸ್ಟರಿನಲ್ಲಿ ಸ್ವತಂತ್ರನಾಗಿ ನೆಲೆಸಿದ ಜೋಸೆಫ್ ವಿಟ್ವರ್ತನು ಗುರುವಿನ ಶಿಸ್ತನ್ನು ಇಡೀ ದೇಶಕ್ಕೆ ವಿಸ್ತರಿಸಲು ಸಂಕಲ್ಪಿಸಿದನು. ಇಂಗ್ಲೆಂಡಿನ ಪ್ರಮುಖ ಕಾರ್ಯಾಗಾರಗಳಿಂದ ಬೋಲ್ಟುಗಳನ್ನು ತರಿಸಿ, ಅಳೆದು, ಅವುಗಳ ಸರಾಸರಿಯನ್ನು ಆಧಾರವಾಗಿಟ್ಟುಕೊಂಡು, ಸುತ್ತಿನ ಇಳಿಜಾರುಗಳ ನಡುವಣ ಕೋನ 55 ಡಿಗ್ರಿ ಇರತಕ್ಕದ್ದು, ಶಿಖರವೂ ತಳವೂ ದುಂಡಾಗಿರತಕ್ಕದ್ದು ಎಂಬ ಪದ್ಧತಿಯನ್ನು 1841ರಲ್ಲಿ ವಿದ್ವತ್ಸಭೆಯ ಮುಂದಿಟ್ಟನು. ಯಾರ ರೂಢಿಯನ್ನೂ ಪೂರ್ತಿ ತಳ್ಳಿಹಾಕದೆ ಎಲ್ಲರಿಂದಲೂ ಸ್ವಲ್ಪಸ್ವಲ್ಪ ಬಿಡಿಸಿಕೊಂಡ ಈ ವಿವೇಕದಿಂದಲೇ ಅವನ ಪದ್ಧತಿ ರೈಲ್ವೆ ಕಾರ್ಖಾನೆಗಳನ್ನು ಬೇಗ ಹೊಕ್ಕಿತು. ಆದರೆ ದುಂಡು ಶಿಖರವನ್ನು ಸರಿಯಾಗಿ ಕೊರೆಯುವುದು ಕಷ್ಟ, ಪರೀಕ್ಷಿಸುವುದು ಇನ್ನೂ ಕಷ್ಟ. 1864ರ ಏಪ್ರಿಲಿನಲ್ಲಿ ಫಿಲಡೆಲ್ಫಿಯದ ಫ್ರಾಂಕ್ಲಿನ್ ಸಂಸ್ಥೆಯಲ್ಲಿ ವಿಲಿಯಂ ಸೆಲ್ಲರ್ಸನು ಈ ಆಕ್ಷೇಪವನ್ನೇ ಎತ್ತಿ, ಸಾಮಾನ್ಯ ಕೆಲಸಗಾರನೂ ಸುಲಭವಾಗಿ ಸಾಧಿಸಬಲ್ಲ 60 ಡಿಗ್ರಿಯ ಕೋನವನ್ನೂ ಚಪ್ಪಟೆ ಶಿಖರವನ್ನೂ ಸೂಚಿಸಿದನು. ಅಮೆರಿಕವು ಅದನ್ನು ಸ್ವೀಕರಿಸಿತು. ಯೂರೋಪು ಖಂಡದ ಯಂತ್ರಶಿಲ್ಪಿಗಳು 1898ರಲ್ಲಿ ಜ್ಯೂರಿಕ್ಕಿನಲ್ಲಿ ಸೇರಿ ಕೋನವನ್ನು 60ಕ್ಕೇ ಇಟ್ಟು, ಅಳತೆಯನ್ನು ಮಾತ್ರ ಮಿಲಿಮೀಟರಿಗೆ ಬದಲಿಸಿದರು. ಹೀಗೆ ಮೋಟಾರು ವಾಹನವು ತೊಟ್ಟಿಲಲ್ಲಿದ್ದಾಗಲೇ ಪ್ರಪಂಚದಲ್ಲಿ ಮೂರು ತಿರುಪಿನ ಧರ್ಮಗಳು ಸ್ಥಾಪಿತವಾಗಿದ್ದವು. ಮೋಟಾರಿನ ಅದುರಾಟಕ್ಕೆ ನಟ್ಟು ಸಡಿಲವಾಗದಿರಲೆಂದು 20ನೆಯ ಶತಮಾನದ ಮೊದಲ ದಶಕದಲ್ಲಿ ಅಮೆರಿಕವೂ ಇಂಗ್ಲೆಂಡೂ ತಂತಮ್ಮ ಕೋನಗಳನ್ನು ಉಳಿಸಿಕೊಂಡೇ ನಯವಾದ, ಒತ್ತೊತ್ತಾದ ಸುತ್ತುಗಳ ಉಪಪದ್ಧತಿಗಳನ್ನು ರಚಿಸಿಕೊಂಡವು. ಅದರ ಫಲವಾಗಿ 3/8 ಅಂಗುಲದ ಅಮೆರಿಕದ ನಟ್ಟಿಗೆ 24 ಸುತ್ತು, ಅದೇ ವ್ಯಾಸದ ಇಂಗ್ಲೆಂಡಿನ ನಟ್ಟಿಗೆ 20 ಸುತ್ತು.

ಅಂದಿನ ಕಾರುಗಳ ಬ್ರೇಕುಗಳು ಸರಳುಗಳಿಂದಲೂ ಉಕ್ಕಿನ ಹಗ್ಗಗಳಿಂದಲೂ ಎಳೆಯಲ್ಪಡುತ್ತಿದ್ದವು. ನಾಲ್ಕು ಚಕ್ರಗಳಿಗೂ ಸಮನಾದ ಎಳೆತ ಬರುವಂತೆ ಅವನ್ನು ಹೊಂದಿಸುವುದು ಎಡೆಬಿಡದ ಕೆಲಸ. ಒಂದು ಸರಳು ಜಗ್ಗಿದರೆ ಕಾರು ಒಂದು ಮಗ್ಗುಲಿಗೆ ಸೆಳೆಯುವುದು. ಕ್ಯಾಲಿಫೋರ್ನಿಯದ ಮಾಲ್ಕಂ ಲಾಕ್‌ಹೀಡನು (ಅದೇ ಹೆಸರಿನ ವಿಮಾನ ಸಂಸ್ಥೆಯನ್ನು ಕಟ್ಟಿದ ಆಲನ್ನನು ಇವನ ಸಹೋದರ) ಪ್ಯಾಸ್ಕಲನ ನಿಯಮವನ್ನೇ ಆಶ್ರಯಿಸಿ, ದ್ರವವು ತಾನಾಗಿಯೇ ಸಮನಾಗಿ ಹಂಚಿಕೊಡುವ ಒತ್ತಡವನ್ನು ನಾಲ್ಕು ಚಕ್ರಗಳಿಗೆ ಕೊಳವೆಗಳ ಮೂಲಕ ಮುಟ್ಟಿಸುವ ವಿಧಾನವನ್ನು ರೂಪಿಸಿದನು. 1921ರ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ಅದು ಮೊದಲು ಕಾಣಿಸಿಕೊಂಡಿತು. 1924ರಲ್ಲಿ ಕ್ರೈಸ್ಲರ್ ಕಾರು ಅದನ್ನು ಮಧ್ಯಮವರ್ಗದ ಕೈಗೆಟುಕುವಂತೆ ಮಾಡಿತು. ಲಾಕ್‌ಹೀಡನ ಮೊದಲಿನ ಚರ್ಮದ ಮುದ್ರೆಗಳು ಒಣಗಿ ಸೋರುತ್ತಿದ್ದುದರಿಂದ ಕ್ರೈಸ್ಲರಿನ ಯಂತ್ರಶಿಲ್ಪಿಗಳು ಅವುಗಳ ಸ್ಥಾನದಲ್ಲಿ ರಬ್ಬರಿನ ಬಟ್ಟಲುಗಳನ್ನಿಟ್ಟರು. ಈ ಉಪಕಾರವಿಲ್ಲದಿದ್ದರೆ ದ್ರವದ ಬ್ರೇಕು ಜನರ ವಿಶ್ವಾಸವನ್ನು ಗಳಿಸುತ್ತಿದ್ದಿತೋ ಇಲ್ಲವೋ ಹೇಳಲಾಗದು. ಹಾಗಿದ್ದೂ ಫೋರ್ಡ್ ಕಾರುಗಳಿಗೆ ಅದು ಬಂದದ್ದು 1939ರ ಮಾದರಿಯಲ್ಲಿ. ಸರಳು ಮುರಿದರೆ ಒಂದು ಚಕ್ರದ ಬ್ರೇಕು ಹೋದೀತು, ಕೊಳವೆ ಸೋರಿದರೆ ನಾಲ್ಕೂ ಹೋಗುವುವು ಎಂಬ ಅಳುಕು ಅಂದಿನ ಜನರಲ್ಲಿದ್ದುದು ಸಹಜವೇ ಆಗಿತ್ತು. ಆ ಅಳುಕಿಗೆಲ್ಲ ಉತ್ತರವಾಗಿ ನಿಲ್ಲಬೇಕಾಗಿದ್ದುದು ನಮ್ಮ ಈ ನಟ್ಟು, ಅದು ಹಿಡಿದಿಡುವ ಕೊಳವೆಯ ತುದಿ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಏಕೆಂದರೆ ಬಹಳ ಜನ ಕಾರು ಪ್ರಿಯರೂ ಇದನ್ನು ತಪ್ಪು ತಿಳಿದಿದ್ದಾರೆ. ನೀರಿನ ನಲ್ಲಿಯ ಜೋಡಣೆಯಲ್ಲಿ ಥ್ರೆಡ್ಡಿಗೆ ನಾರು ಸುತ್ತಿ ಬಿಗಿದರೆ ಸೋರಿಕೆ ನಿಲ್ಲುವುದುಂಟು. ಬ್ರೇಕಿನ ನಟ್ಟಿನಲ್ಲಿ ಥ್ರೆಡ್ಡಿಗೆ ಆ ಕರ್ತವ್ಯವೇ ಇಲ್ಲ. ಥ್ರೆಡ್ಡು ಹಿಡಿಯತಕ್ಕದ್ದು ಮಾತ್ರ. ಸೋರಿಕೆಯನ್ನು ತಡೆಯತಕ್ಕದ್ದು ಕೊಳವೆಯ ಹಿಗ್ಗಿಸಿದ ಬಾಯಿ. ಅಮೆರಿಕದ ಕ್ರಮದಲ್ಲಿ ಆ ಬಾಯಿಯನ್ನು 45 ಡಿಗ್ರಿಯ ಇಳಿಜಾರಿಗೆ ಹಿಗ್ಗಿಸಿ, ಅಂಚನ್ನು ಒಳಕ್ಕೆ ಮಡಿಚಿ ಇಮ್ಮಡಿ ದಪ್ಪಮಾಡುತ್ತಾರೆ. ಉಕ್ಕಿನ ತೆಳುಗೋಡೆಯ ಕೊಳವೆಯನ್ನು ಒಂದೇ ಪದರದಲ್ಲಿ ಹಿಗ್ಗಿಸಿದರೆ ಅಂಚು ಸೀಳಿಬಿಡುವುದರಿಂದ ಈ ಮಡಿಕೆ ಅನಿವಾರ್ಯ. ಸಿಲಿಂಡರಿನ ರಂಧ್ರದ ತಳದಲ್ಲಿ ಉಬ್ಬಿನಿಂತ ಶಂಕುವಿನ ಮೇಲೆ ಈ ಬಾಯಿ ಕವುಚಿಕೊಂಡು ಕೂಡುತ್ತದೆ. ಜರ್ಮನಿಯ ಕ್ರಮದಲ್ಲಾದರೆ ಕೊಳವೆಯ ತುದಿ ಹೊರಕ್ಕೆ ಗುಳ್ಳೆಯಂತೆ ಉಬ್ಬಿರುತ್ತದೆ, ರಂಧ್ರದ ತಳ ಒಳಕ್ಕೆ ತಗ್ಗಾಗಿರುತ್ತದೆ. ಗುಳ್ಳೆ ಆ ತಗ್ಗಿನಲ್ಲಿ ಹೋಗಿ ಕುಳಿತುಕೊಳ್ಳುತ್ತದೆ. ಉಬ್ಬಿಗೆ ಉಬ್ಬನ್ನೋ ತಗ್ಗಿಗೆ ತಗ್ಗನ್ನೋ ಎದುರುಬದುರು ಮಾಡಿ ಎಷ್ಟು ಬಿಗಿದರೂ ದ್ರವ ಜಿನುಗುವುದು ನಿಲ್ಲದು. ವಿಮಾನಗಳ ಕೊಳವೆಗಳಲ್ಲಿ ರೂಢಿಯಾದ 37 ಡಿಗ್ರಿಯ ಇಳಿಜಾರು ಮೂರನೆಯದು. ಅದಕ್ಕೂ 45ಕ್ಕೂ ನಡುವೆ ಎಂಟೇ ಡಿಗ್ರಿಯಾದರೂ ಒಂದರ ಮೇಲೊಂದು ಕೂಡಿಸಿದಾಗ ತಾಗುವುದು ಕೂದಲೆಳೆಯಷ್ಟು ಅಗಲದ ಒಂದು ಗೆರೆ ಮಾತ್ರ. ಆದುದರಿಂದ ಒಂದು ಕಾರಿನ ಕೊಳವೆ ಇನ್ನೊಂದಕ್ಕೆ ಸರಿಹೊಂದಬೇಕಾದರೆ ವ್ಯಾಸ, ಸುತ್ತು, ಬಾಯಿಯ ಆಕಾರ ಈ ಮೂರೂ ಸರಿಹೊಂದಬೇಕು. ಎರಡು ಸರಿಯಾಗಿ ಮೂರನೆಯದು ತಪ್ಪಿದ ಜೋಡಣೆಯೇ ಅತ್ಯಂತ ಅಪಾಯಕಾರಿ, ಏಕೆಂದರೆ ಅದು ಸರಿಯಾದುದರಂತೆ ತೋರುತ್ತದೆ.

ಎರಡನೆಯ ಮಹಾಯುದ್ಧವು ಪದ್ಧತಿಗಳ ಈ ಒಡಕನ್ನು ನಿರ್ದಾಕ್ಷಿಣ್ಯವಾಗಿ ಬಯಲಿಗೆಳೆಯಿತು. ರೋಲ್ಸ್-ರಾಯ್ಸ್ ಸಂಸ್ಥೆಯ ಮರ್ಲಿನ್ ವಿಮಾನ ಎಂಜಿನನ್ನು ಅಮೆರಿಕದಲ್ಲಿ ತಯಾರಿಸಲು ಒಪ್ಪಿದ ಪ್ಯಾಕರ್ಡ್ ಕಾರ್ಖಾನೆ ಇಂಗ್ಲೆಂಡಿನ ಥ್ರೆಡ್ಡುಗಳನ್ನು ಕೊರೆಯುವ ಉಪಕರಣಗಳನ್ನೆಲ್ಲ ತಾನೇ ಹೊಸದಾಗಿ ಮಾಡಿಕೊಳ್ಳಬೇಕಾಯಿತು; ಮಿತ್ರರಾಷ್ಟ್ರಗಳ ಸೈನ್ಯಗಳು ಒಂದೇ ಮರುಭೂಮಿಯಲ್ಲಿ ಅಕ್ಕಪಕ್ಕ ಹೋರಾಡುತ್ತಿದ್ದರೂ ಒಬ್ಬರ ಲಾರಿಯ ನಟ್ಟು ಇನ್ನೊಬ್ಬರ ಲಾರಿಗೆ ಒದಗದಾಯಿತು. ಈ ಕಹಿ ಅನುಭವದ ಫಲವಾಗಿ 1948ರ ನವೆಂಬರ್ 18ರಂದು ಅಮೆರಿಕ, ಬ್ರಿಟನ್, ಕೆನಡ ಮೂರೂ ವಾಷಿಂಗ್ಟನ್ನಿನಲ್ಲಿ ಒಂದು ಏಕೀಕೃತ ಪದ್ಧತಿಗೆ ಸಹಿಹಾಕಿದವು. ವಿಟ್ವರ್ತನ 55 ಡಿಗ್ರಿ ಸೋತಿತು, ಸೆಲ್ಲರ್ಸನ 60 ಗೆದ್ದಿತು. ಅಂಗುಲ ಮಾತ್ರ ಉಳಿಯಿತು. ಇಂಗ್ಲೆಂಡಿನ ಕಾರುಗಳು 1950ರ ದಶಕದಲ್ಲಿ ಮೆಲ್ಲಮೆಲ್ಲನೆ 20 ಸುತ್ತಿನ ನಟ್ಟಿನಿಂದ 24 ಸುತ್ತಿನ ನಟ್ಟಿಗೆ ಸರಿದವು. ವ್ಯಾಸ ಒಂದೇ ಆಗಿರುವ ಈ ಎರಡು ನಟ್ಟುಗಳು ಆ ದಶಕದ ಕಾರುಗಳನ್ನು ಜೀರ್ಣೋದ್ಧಾರ ಮಾಡುವವರಿಗೆ ಇಂದಿಗೂ ತಲೆನೋವಿನ ಮೂಲ.

ಅಳತೆಯ ಇತಿಹಾಸ ಎಷ್ಟು ವಕ್ರವಾಗಿ ಹರಿಯಬಲ್ಲದೆಂಬುದಕ್ಕೆ ಮಾರಿಸ್ ಕಾರುಗಳ ಎಂಜಿನಿಗಿಂತ ಮಿಗಿಲಾದ ನಿದರ್ಶನ ನನಗೆ ಗೊತ್ತಿಲ್ಲ. 1923ರಲ್ಲಿ ಆ ಕಾರುಗಳ ತಯಾರಕ ಮಾರಿಸನು ಕವೆಂಟ್ರಿಯಲ್ಲಿದ್ದ ಫ್ರೆಂಚ್ ಹಾಟ್ಚ್‌ಕಿಸ್ ಕಂಪನಿಯ ಕಾರ್ಖಾನೆಯನ್ನು ಕೊಂಡನು. ಅಲ್ಲಿನ ಯಂತ್ರಗಳು ಮಿಲಿಮೀಟರಿನ ಥ್ರೆಡ್ಡನ್ನು ಮಾತ್ರ ಕೊರೆಯುತ್ತಿದ್ದವು. ಕೊಳ್ಳುವವರ ಕೈಯಲ್ಲಿದ್ದ ಸ್ಪ್ಯಾನರುಗಳಾದರೋ ವಿಟ್ವರ್ತನ ಅಳತೆಯವು. ಪರಿಹಾರವಾಗಿ ಬೋಲ್ಟಿನ ಮೈಗೆ ಫ್ರಾನ್ಸಿನ ಥ್ರೆಡ್ಡನ್ನೂ ತಲೆಗೆ ಇಂಗ್ಲೆಂಡಿನ ಅಳತೆಯನ್ನೂ ಕೊಟ್ಟರು. ಈ ಮಿಶ್ರ ಸಂತಾನ ಮಾರಿಸ್ ಬಳಗದ ಎಂ.ಜಿ. ಕಾರುಗಳ ಎಂಜಿನುಗಳಲ್ಲಿ 1950ರ ದಶಕದ ನಡುವಿನವರೆಗೂ ಬಾಳಿತು. ಹೊರಗಿನ ಸ್ಪ್ಯಾನರಿನ ಅಳತೆಯನ್ನು ನೋಡಿ ಒಳಗಿನ ಥ್ರೆಡ್ಡನ್ನು ಊಹಿಸಬಾರದೆಂಬ ಪಾಠವನ್ನು ಬ್ರೇಕಿನ ಕೆಲಸದವರೂ ಇಲ್ಲಿಂದ ಕಲಿಯಬಹುದು.

1970ರ ದಶಕದಲ್ಲಿ ಬ್ರಿಟನ್ನೂ ಮಿಲಿಮೀಟರಿನತ್ತ ಹೊರಳಿದಾಗ ತೊಡಕು ಹೊಸ ರೂಪ ತಾಳಿತು. ಒಂದೇ ಕಾರ್ಖಾನೆಯ, ಒಂದೇ ಹೆಸರಿನ ಕಾರಿನಲ್ಲಿ ಒಂದು ವರ್ಷದ ಸಿಲಿಂಡರು ಅಂಗುಲದ್ದು, ಮರುವರ್ಷದ್ದು ಮಿಲಿಮೀಟರಿನದು. ಅನಾಹುತವಾಗದಿರಲೆಂದು ತಯಾರಕರು ಮಿಲಿಮೀಟರಿನ ನಟ್ಟುಗಳಿಗೆ ಕಪ್ಪು ಬಣ್ಣ ಕೊಟ್ಟರು, ಸಿಲಿಂಡರುಗಳ ಮೇಲೆ ‘ಎಂ’ ಅಕ್ಷರವನ್ನೊತ್ತಿದರು. ಮಿಲಿಮೀಟರಿನ ಹೋಸು (ಬಾಗುವ ಕೊಳವೆ) ರಂಧ್ರದ ತಳದಲ್ಲಿ ಕುಳಿತು ಮುದ್ರೆಯಾಗುವುದರಿಂದ ಅದರ ಷಟ್ಕೋನದ ತಲೆಗೂ ಸಿಲಿಂಡರಿನ ಮುಖಕ್ಕೂ ನಡುವೆ ಸಂದು ಉಳಿಯುವುದೇ ಸರಿ, ಅದಕ್ಕೆ ತಾಮ್ರದ ವಾಷರನ್ನು ಹಾಕಬಾರದು ಎಂದು ಕೈಪಿಡಿಗಳು ಎಚ್ಚರಿಸಿದವು. ಹಳೆಯ ರೂಢಿಯವನು ಆ ಸಂದನ್ನು ಕಂಡು, ಇನ್ನೂ ಬಿಗಿಯಾಗಿಲ್ಲವೆಂದು ಭಾವಿಸಿ ಸ್ಪ್ಯಾನರನ್ನು ಎಳೆಯುತ್ತಲೇ ಹೋಗಿ ಥ್ರೆಡ್ಡನ್ನು ಕಳೆಯುತ್ತಿದ್ದುದು ಸಾಮಾನ್ಯ. 1948ರಲ್ಲಿ ಹೊರಬಂದ ಮಾರಿಸ್ ಮೈನರಿಗೆ 1971ರ ಮಾರಿಸ್ ಮರೀನದ ಮುಂಚಕ್ರಗಳ ಡಿಸ್ಕ್ ಬ್ರೇಕನ್ನು ಜೋಡಿಸುವುದು ಇಂಗ್ಲೆಂಡಿನ ಹಳೆಯ ಕಾರಿನ ಅಭಿಮಾನಿಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಪರಿವರ್ತನೆ. ಆದರೆ ಡ್ರಮ್ಮಿನ ಬ್ರೇಕಿಗಾಗಿ ಕೊಳವೆಯಲ್ಲಿ ಸದಾ ಅಲ್ಪ ಒತ್ತಡವನ್ನು ಉಳಿಸಿಕೊಳ್ಳುವ ಕವಾಟವೊಂದು, ಪೆಡಲು ಮೆಟ್ಟಿದಾಗ ದ್ರವವನ್ನು ತಳ್ಳುವ ಹಳೆಯ ಮಾಸ್ಟರ್ ಸಿಲಿಂಡರಿನಲ್ಲಿರುತ್ತದೆ. ನಟ್ಟುಗಳೆಲ್ಲ ಸರಿಹೊಂದಿದರೂ ಈ ಕವಾಟವನ್ನು ಮರೆತರೆ ಡಿಸ್ಕಿನ ಪ್ಯಾಡುಗಳು ಬಿಡುಗಡೆ ಹೊಂದದೆ ಉಜ್ಜಿಕೊಂಡೇ ಓಡಿ ಕಾದುಹೋಗುತ್ತವೆ.

ಮಿಲಿಮೀಟರಿನ ಮತದೊಳಗೂ ಏಕತೆಯಿಲ್ಲ. ಜಪಾನಿನವರು ನಟ್ಟಿಗೆ ಮಿಲಿಮೀಟರಿನ ಥ್ರೆಡ್ಡನ್ನು ತೆಗೆದುಕೊಂಡು ಕೊಳವೆಯ ಬಾಯಿಗೆ ಮಾತ್ರ ಅಮೆರಿಕದ ಇಮ್ಮಡಿ ಮಡಿಕೆಯನ್ನು ಉಳಿಸಿಕೊಂಡರು. ಆದುದರಿಂದ ಜರ್ಮನಿಯ ನಟ್ಟು ಜಪಾನಿನ ಸಿಲಿಂಡರಿಗೆ ಬೆರಳಿನಿಂದಲೇ ಸಲೀಸಾಗಿ ತಿರುಗಿ ಹೋದರೂ ಒಳಗೆ ಗುಳ್ಳೆಗೂ ಶಂಕುವಿಗೂ ಹೊಂದಿಕೆಯಾಗದು. ಇನ್ನು 10 ಮಿಲಿಮೀಟರಿನಲ್ಲೇ ಸುತ್ತಿನ ಅಂತರ 1 ಇರುವುದೂ ಉಂಟು, 1.25 ಇರುವುದೂ ಉಂಟು. ಫಿಯಟ್ 124ರಿಂದ ಜನ್ಮತಾಳಿದ ರಷ್ಯದ ಲಾಡಾ ಕಾರಿನದು ಎರಡನೆಯ ಬಗೆ.

ನಮ್ಮ ದೇಶಕ್ಕೆ ಈ ಪದ್ಧತಿಗಳೆಲ್ಲವೂ ಬಂದಿಳಿದವು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದ ಮಧ್ಯಭಾಗದಲ್ಲಿ ಯೂರೋಪು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಕಂಡುಬಂದು, ಭಾರತದಲ್ಲಿ ಕಾರು ತಯಾರಿಕೆಗೆ ಸಮಗ್ರ ಯೋಜನೆಯೊಂದನ್ನು ಸಿದ್ಧಪಡಿಸಿದರು. ಸರ್ಕಾರದ ಬೆಂಬಲ ದೊರೆಯದೆ ಅದು ಕೈಗೂಡಲಿಲ್ಲ. ಕೈಗೂಡಿದ್ದರೆ ಒಂದೇ ದೇಶದ ಒಂದೇ ಮಾನದಂಡ ಮೊದಲೇ ರೂಪುಗೊಳ್ಳುತ್ತಿದ್ದಿತೆಂದು ಆಶಿಸಲು ಅವಕಾಶವಿದೆ. ನಡೆದುದು ಬೇರೆ. 1942ರಲ್ಲಿ ಹುಟ್ಟಿ ಮುಂದೆ ಕಲ್ಕತ್ತೆಯ ಬಳಿಯ ಉತ್ತರಪಾಡಾದಲ್ಲಿ ನೆಲೆಸಿದ ಹಿಂದೂಸ್ತಾನ್ ಮೋಟಾರ್ಸ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡನ್ನು ಅಂಬಾಸಡರ್ ಎಂಬ ಹೆಸರಿನಿಂದ ತಯಾರಿಸಿತು. 1944ರಲ್ಲಿ ವಾಲ್‌ಚಂದ್ ಹೀರಾಚಂದರು ಸ್ಥಾಪಿಸಿದ ಬೊಂಬಾಯಿಯ ಪ್ರೀಮಿಯರ್ ಸಂಸ್ಥೆ ಇಟಲಿಯ ಫಿಯಟ್ ಕಾರನ್ನು ಕೈಗೊಂಡಿತು. ಮದರಾಸಿನ ಸ್ಟ್ಯಾಂಡರ್ಡ್ ಸಂಸ್ಥೆ 1961ರಿಂದ ಹೆರಾಲ್ಡನ್ನು ಹೊರತಂದಿತು. ಹೀಗಾಗಿ ಒಂದೇ ಬೀದಿಯಲ್ಲಿ ಓಡಾಡುತ್ತಿದ್ದ ಅಂಬಾಸಡರು ಅಂಗುಲದ್ದು, ಫಿಯಟ್ಟು ಮಿಲಿಮೀಟರಿನದು. ಸಂಸತ್ತು 1956ರಲ್ಲಿ ಮೆಟ್ರಿಕ್ ಪದ್ಧತಿಯ ಶಾಸನವನ್ನು ಮಾಡಿ, 1958ರ ಅಕ್ಟೋಬರಿನಿಂದ ಅಂಗಡಿಯ ಸೇರು ಮಣಗಳನ್ನು ಕ್ರಮಕ್ರಮವಾಗಿ ತೊಡೆಯುತ್ತ ಬಂದರೂ, ಅಂಬಾಸಡರಿನ ಬ್ರೇಕಿನ ನಟ್ಟನ್ನು ಆ ಶಾಸನ ಮುಟ್ಟಲಿಲ್ಲ. 1990ರ ದಶಕದ ಆರಂಭದಲ್ಲಿ ಅದೇ ಕಾರಿಗೆ ಜಪಾನಿನ ಇಸುಜು ಎಂಜಿನನ್ನು ಕೂಡಿಸಿದಾಗ ಒಂದೇ ಕಾರಿಗೆ ಎರಡು ಪೆಟ್ಟಿಗೆ ಸ್ಪ್ಯಾನರುಗಳು ಬೇಕಾದವು.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳೂ ಶಿವಾಜಿನಗರದ ಗುಜರಿಯೂ ಈ ಮಿಶ್ರ ಪರಂಪರೆಯ ಉಗ್ರಾಣಗಳು. 1950ರ ದಶಕದ ಮೊದಲ ಭಾಗದಲ್ಲಿ ಜನರಲ್ ಮೋಟಾರ್ಸೂ ಫೋರ್ಡೂ ಭಾರತದಲ್ಲಿ ಕಾರು ಜೋಡಿಸುವುದನ್ನು ನಿಲ್ಲಿಸಿ ಹೊರಟುಹೋದ ಮೇಲೆ, ಇಲ್ಲಿ ಉಳಿದ ಅಮೆರಿಕದ ಕಾರುಗಳು ಬಿಡಿಭಾಗವಿಲ್ಲದೆ ಅನಾಥವಾದವು. ಅವನ್ನು ಓಡಿಸಬೇಕಾದರೆ ದೇಶದಲ್ಲಿ ಸಿಕ್ಕುವ ಭಾಗಗಳನ್ನೇ ಹೊಂದಿಸಬೇಕಾಗಿತ್ತು. ಅಲ್ಲಿ ವಾಷಿಂಗ್ಟನ್ನಿನ ಒಪ್ಪಂದ ಯಾರೂ ಎಣಿಸದ ಒಂದು ಉಪಕಾರವನ್ನು ಮಾಡಿದ್ದಿತು: ಹಳೆಯ ಶೆವರ್ಲೆಯ 24 ಸುತ್ತಿನ ನಟ್ಟೂ ಹೊಸ ಅಂಬಾಸಡರಿನ 24 ಸುತ್ತಿನ ನಟ್ಟೂ, ವ್ಯಾಸ ಒಂದಾಗಿದ್ದ ಕಡೆಯಲ್ಲೆಲ್ಲ, ಒಂದೇ ಥ್ರೆಡ್ಡಿನವಾಗಿದ್ದವು. ಅಮೆರಿಕದ ಕಾರಿಗೆ ಬಂಗಾಳದ ಕಾರು ಬಂಧುವಾಯಿತು. ಯುದ್ಧಪೂರ್ವದ ಇಂಗ್ಲೆಂಡಿನ ಕಾರಿಗೆ ಅದೇ ಅಂಬಾಸಡರು, ಇಂಗ್ಲೆಂಡಿನ ವಂಶದ್ದೇ ಆಗಿದ್ದರೂ, ಪರಕೀಯವಾಯಿತು. ಇಂಥ ಕೆಲಸದಲ್ಲಿ ಪಳಗಿದ ಮೆಕ್ಯಾನಿಕ್ಕನು ಹೊಸ ನಟ್ಟನ್ನು ಮೊದಲು ಸ್ಪ್ಯಾನರಿಲ್ಲದೆ ಬೆರಳಿನಿಂದ ಸುತ್ತಿ ನೋಡುತ್ತಾನೆ. ನಾಲ್ಕೈದು ಸುತ್ತು ಅಲುಗಾಟವಿಲ್ಲದೆ, ತಡೆಯೂ ಇಲ್ಲದೆ ಹೋಗುವವರೆಗೂ ಸ್ಪ್ಯಾನರನ್ನು ಮುಟ್ಟುವುದಿಲ್ಲ. ಆ ಮೇಲೆ ಬಾಯಿಯ ಆಕಾರವನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ಈ ಪರೀಕ್ಷೆಯನ್ನು ಮೀರಿದ ಪರೀಕ್ಷೆ ಯಾವ ಪುಸ್ತಕದಲ್ಲಿಯೂ ನನಗೆ ಕಂಡಿಲ್ಲ.

ಹೊಂದಿಕೆಯಾಗದಿರುವುದನ್ನೇ ರಕ್ಷಣೆಯಾಗಿ ಬಳಸಿಕೊಂಡ ಪ್ರಸಂಗವೂ ಒಂದುಂಟು. 1967ರ ಮಾದರಿಗಳಿಂದ ಅಮೆರಿಕದ ಕಾರುಗಳಲ್ಲಿ ಮುಂದಿನ ಎರಡು ಚಕ್ರಗಳಿಗೊಂದು, ಹಿಂದಿನ ಎರಡಕ್ಕೊಂದು ಎಂದು ಪ್ರತ್ಯೇಕ ದ್ರವಮಾರ್ಗಗಳು ಸಾರ್ವತ್ರಿಕವಾದವು. ಒಂದು ಕೊಳವೆ ಒಡೆದರೆ ನಾಲ್ಕೂ ಚಕ್ರ ಹೋಗುವುವೆಂಬ ಹಳೆಯ ಅಳುಕಿಗೆ ಸಮಾಧಾನ ದೊರೆತುದು ಇದರಿಂದ. ಆದರೆ ಎರಡು ಕೊಳವೆಗಳು ಅದಲುಬದಲಾದರೆ ಅನರ್ಥ. ಅದಕ್ಕಾಗಿ ಹಲವು ಮಾಸ್ಟರ್ ಸಿಲಿಂಡರುಗಳಲ್ಲಿ ಒಂದು ರಂಧ್ರವನ್ನು 1/2 ಅಂಗುಲಕ್ಕೂ ಇನ್ನೊಂದನ್ನು 9/16 ಅಂಗುಲಕ್ಕೂ ಕೊರೆದು, ಒಂದರ ನಟ್ಟು ಇನ್ನೊಂದನ್ನು ಹೊಗದಂತೆ ಉದ್ದೇಶಪೂರ್ವಕವಾಗಿ ವ್ಯವಸ್ಥೆಮಾಡಿದರು. ಇಂದು ಇಂಥ ಸಿಲಿಂಡರನ್ನು ಬೇರೆ ಕಾರಿಗೆ ಕೂಡಿಸುವವರು ಮಧ್ಯೆ ಹಿತ್ತಾಳೆಯ ಅಡಾಪ್ಟರನ್ನಿಟ್ಟು ಆ ತಡೆಯನ್ನು ನಿವಾರಿಸುತ್ತಾರೆ. ನಿವಾರಿಸುವಾಗ ಯಾವ ಕೊಳವೆ ಯಾವ ಚಕ್ರದ್ದೆಂದು ಗುರುತು ಹಾಕಿಕೊಳ್ಳುವ ಹೊಣೆ ಅವರದೇ ಆಗುತ್ತದೆ.

ಇಷ್ಟೆಲ್ಲ ಪದ್ಧತಿಗಳ ನಡುವೆ ಬದಲಾಗದೆ ಉಳಿದದ್ದು ಕೊಳವೆಯೊಂದೇ. ಮಿಲಿಮೀಟರಿನ ಕಾರುಗಳಲ್ಲಿ ಬಳಸುವ ಬ್ರೇಕಿನ ಕೊಳವೆಯ ವ್ಯಾಸ ಸಾಮಾನ್ಯವಾಗಿ 4.75 ಮಿಲಿಮೀಟರು. ಮಿಲಿಮೀಟರನ್ನೇ ನಂಬಿದವನು 4.5 ಎನ್ನಬೇಕಾಗಿತ್ತು, ಇಲ್ಲವೆ 5 ಎನ್ನಬೇಕಾಗಿತ್ತು. 4.75 ಎಂಬುದು 3/16 ಅಂಗುಲವೇ. ಬಾಯಿಯನ್ನು ಸರಿಯಾಗಿ ಹಿಗ್ಗಿಸಿ, ತಕ್ಕ ನಟ್ಟನ್ನು ಮೊದಲೇ ಪೋಣಿಸಿಕೊಂಡರೆ, ಆ ಒಂದು ಅಳತೆಯ ಕೊಳವೆ ಒಂದು ತುದಿಯಲ್ಲಿ ಅಂಬಾಸಡರಿನ ಸಿಲಿಂಡರನ್ನೂ ಇನ್ನೊಂದು ತುದಿಯಲ್ಲಿ ಜಪಾನಿನ ಡಿಸ್ಕ್ ಬ್ರೇಕನ್ನೂ ಹಿಡಿದುಕೊಳ್ಳಬಲ್ಲದು. ಅಡಾಪ್ಟರುಗಳನ್ನು ಒಂದರ ಮೇಲೊಂದು ಪೇರಿಸುವುದಕ್ಕಿಂತ, ಎರಡು ತುದಿಗೆ ಎರಡು ಬಗೆಯ ನಟ್ಟು ಹಾಕಿದ ಇಂಥ ಹೊಸ ಕೊಳವೆಯನ್ನು ಮಾಡಿಸಿಕೊಳ್ಳುವುದೇ ಲೇಸು. ಸೋರುವ ಕೀಲುಗಳು ಅಷ್ಟು ಕಡಿಮೆಯಾಗುತ್ತವೆ.